ಐದು ಪಾದದ ಷಟ್ಪದಿ

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ನಿವೃತ್ತ ಕನ್ನಡ ಮೇಷ್ಟ್ರೊಬ್ಬರಿದ್ದಾರೆ. ವಯಸ್ಸು ಎಂಬತ್ತರ ಹತ್ತಿರ. ಅರ್ಧ ಆಯುಸ್ಸನ್ನು ಓಲೆಗರಿಗಳ ಮೇಲೆ ಬಗ್ಗಿ ಕಳೆದವರು. ಈಗಲೂ ದಿನಪತ್ರಿಕೆ ಓದುವುದು ಕೆಂಪು ಪೆನ್ನು ಹಿಡಿದೇ. ಮೊಮ್ಮಗಳು ಮಾನಸಗಂಗೋತ್ರಿಯಲ್ಲಿ ಪ್ರಾಣಿಶಾಸ್ತ್ರ ಓದಿ, ಈಗ ಬೆಂಗಳೂರಿನಲ್ಲಿ ಹಣ್ಣುನೊಣಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ಶನಿವಾರ ಬಂದು ಭಾನುವಾರ ರಾತ್ರಿಯ ರೈಲಿಗೆ ಹೊರಡುವವಳು. ನಾನು ಕಾಫಿಗೆ ಹೋಗುವವನು. ಸಕ್ಕರೆ ಇಲ್ಲದ ಕಾಫಿ. ಮೇಷ್ಟ್ರ ಪಥ್ಯವೇ ಆ ಮನೆಗೆ ಬಂದವರಿಗೆಲ್ಲ ಪಥ್ಯ.

ಆ ಭಾನುವಾರ ಮೇಜಿನ ಮೇಲೆ ನಂಜನಗೂಡಿನ ಕಡೆಯಿಂದ ಯಾರೋ ತಂದುಕೊಟ್ಟ ರಸಬಾಳೆಯ ಚಿಪ್ಪು ಇತ್ತು. ಹಣ್ಣು ಮಾಗಿ ಸಿಪ್ಪೆ ಕಪ್ಪಾಗಿ, ಒಂದೆರಡು ತೊಟ್ಟು ಕಳಚಿಕೊಂಡಿದ್ದವು. ಮೇಲೆ ಎಳ್ಳಿನ ಗಾತ್ರದ ನೊಣಗಳು. ಮೇಷ್ಟ್ರು ಪತ್ರಿಕೆಯ ಒಂದು ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ಮೊಮ್ಮಗಳ ಮುಂದೆ ತಳ್ಳಿದರು. ಮುಂದಿನದಕ್ಕೆಲ್ಲ ನಾನು ಸಾಕ್ಷಿ.

ತಾತ: ಓದು ಇದನ್ನ. ಮನುಷ್ಯ ಶೇಕಡ 60ರಷ್ಟು ಬಾಳೆಹಣ್ಣಂತೆ. ಇನ್ನು ಈ ಚಿಪ್ಪಿಗೆ ಕೈ ಹಾಕೋಕೂ ಹೆದರಬೇಕು, ದಾಯಾದಿಗಳಾಗಿಬಿಟ್ರಲ್ಲ.

ಮೊಮ್ಮಗಳು: ಬರೆದೋರು ಅರ್ಧ ಕೇಳಿಸ್ಕೊಂಡು ಬರೆದಿದಾರೆ ತಾತ. ಜೀನ್ ಅಂದ್ರೆ ಡಿಎನ್‌ಎ ದಾರದಲ್ಲಿ ಒಂದು ಪುಟ್ಟ ಬರಹ. ಅದನ್ನ ಓದಿ ಜೀವಕೋಶ ಒಂದು ಪ್ರೋಟೀನ್ ಹೆಣೆಯುತ್ತೆ. ಅಂಥವು ನಮ್ಮಲ್ಲಿ ಸುಮಾರು 20 ಸಾವಿರ ಇವೆ. ಅದರಲ್ಲಿ ನೂರಕ್ಕೆ 60ಕ್ಕೆ ಬಾಳೆಯಲ್ಲಿ ಗುರುತು ಹಿಡಿಯಬಹುದಾದ ಜೋಡಿ ಸಿಗುತ್ತೆ. ಆ ಜೋಡಿಗಳ ಪ್ರೋಟೀನನ್ನ ಪಕ್ಕಪಕ್ಕ ಇಟ್ಟು ನೋಡಿದ್ರೆ ಸರಾಸರಿ ಶೇಕಡ 40 ಮಾತ್ರ ಒಂದೇ ಥರ.

ತಾತ: ಅಂದ್ರೆ ನೂರು ಮನೆಯಲ್ಲಿ ಅರವತ್ತು ಮನೆಯೋರು ನಂಟರು. ಆ ನಂಟರಿಗೂ ಮುಖ ಹೋಲೋದು ಅರ್ಧಕ್ಕಿಂತ ಕಮ್ಮಿ. ಇದನ್ನ ‘ನಾನು ಬಾಳೆಹಣ್ಣು’ ಅಂತ ಬರೆಯೋದಾ?

ಮೊಮ್ಮಗಳು: ಬರೆಯಬಾರದು. ಆದ್ರೆ ನಂಟು ಸುಳ್ಳಲ್ಲ.

ತಾತ: ನನಗೆ ಈ ಶೇಕಡಾವಾರಿನ ಮೇಲೇ ಅನುಮಾನ. ಪಂಪಭಾರತಕ್ಕೂ ನಮ್ಮ ಮನೆ ಕರೆಂಟ್ ಬಿಲ್ಲಿಗೂ ಅಕ್ಷರಮಾಲೆ ಒಂದೇ. ಆ ಲೆಕ್ಕದಲ್ಲಿ ಎರಡೂ ನೂರಕ್ಕೆ ನೂರು ಒಂದೇ ಆಗಬೇಕು.

ಮೊಮ್ಮಗಳು: ನಮ್ಮಲ್ಲಿ ಇನ್ನೂ ಕಷ್ಟ, ಅಕ್ಷರ ನಾಲ್ಕೇ. ಕಣ್ಣು ಮುಚ್ಚಿ ಎರಡು ಸಾಲು ಬರೆದ್ರೂ ನಾಲ್ಕರಲ್ಲೊಂದು ಅಕ್ಷರ ತಾನಾಗೇ ಹೊಂದಿಕೊಂಡುಬಿಡುತ್ತೆ. ಚಿಂಪಾಂಜಿ ಲೆಕ್ಕವೂ ಅಷ್ಟೇ. 2005ರಲ್ಲಿ ಅದರ ಜೀನೋಮ್ ಓದಿದಾಗ, ಒಂದಕ್ಕೊಂದು ಹೊಂದೋ ಜಾಗಗಳಲ್ಲಿ ಬದಲಾಗಿರೋ ಅಕ್ಷರ ಶೇಕಡ 1.2ರ ಆಸುಪಾಸು ಅಂತ ಬಂತು. ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದ ತುಂಡುಗಳನ್ನೂ ಎಣಿಸಿದ್ರೆ ವ್ಯತ್ಯಾಸ ಶೇಕಡ 4ಕ್ಕೆ ಏರುತ್ತೆ.

ತಾತ: ನೋಡು, ಹಿಡಿದ ಮೊಳದ ಮೇಲೆ ಬಟ್ಟೆಯ ಉದ್ದ.

ಇಲ್ಲಿಗೇ ಮುಗಿದುಹೋಗಬಹುದಾಗಿದ್ದ ಮಾತು. ಆದರೆ ಒಂದು ನೊಣ ಮೇಷ್ಟ್ರ ಕಾಫಿ ಲೋಟದ ಅಂಚಿನ ಮೇಲೆ ಕೂತಿತು. ಅವರು ಕೈ ಬೀಸಿದರು. ಹುಡುಗಿ ಲೋಟವನ್ನು ನಿಧಾನವಾಗಿ ಬೆಳಕಿಗೆ ತಿರುಗಿಸಿದಳು. ಕೆಂಪು ಕಣ್ಣು, ಹೊಟ್ಟೆಯ ಮೇಲೆ ಪಟ್ಟೆ, ತುದಿ ಕಪ್ಪು. ಗಂಡು, ಎಂದಳು.

ಮೊಮ್ಮಗಳು: ಇದು ಬಂದಿರೋದು ಹಣ್ಣಿಗಲ್ಲ ತಾತ, ಹಣ್ಣಿನ ಮೇಲೆ ಹುಳಿ ಹಿಡಿಸ್ತಿರೋ ಯೀಸ್ಟಿಗೆ. ನೋಡಿ, ಬಾಳೆ, ಯೀಸ್ಟು, ನೊಣ, ನೀವು. ನಾಲ್ಕು ಕವಲು ಒಂದೇ ಮೇಜಿಗೆ ಬಂದಿವೆ.

ತಾತ: ಯೀಸ್ಟೂ ನಂಟನೇ?

ಮೊಮ್ಮಗಳು: ಬಾಳೆಗಿಂತ ಹತ್ತಿರದ ನಂಟ. ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದೋರು 2015ರಲ್ಲಿ ಒಂದು ಕೆಲಸ ಮಾಡಿದ್ರು. ಯೀಸ್ಟ್ ಬದುಕೋಕೆ ಬೇಕೇಬೇಕಾದ 414 ಜೀನ್‌ಗಳನ್ನ ಆರಿಸಿಕೊಂಡು, ಒಂದೊಂದನ್ನೇ ಕಿತ್ತು, ಆ ಜಾಗಕ್ಕೆ ಮನುಷ್ಯನ ಜೀನ್ ಕೂರಿಸಿ ನೋಡಿದ್ರು. ಹೆಚ್ಚುಕಮ್ಮಿ ಅರ್ಧದಷ್ಟು ಜೀನ್‌ಗಳ ವಿಷಯದಲ್ಲಿ ಯೀಸ್ಟ್ ಬದುಕಿಕೊಳ್ತು. ನಾವೂ ಅದೂ ಕವಲೊಡೆದು ಸುಮಾರು 100 ಕೋಟಿ ವರ್ಷ ಆಗಿದೆ. ಇಷ್ಟಾದ ಮೇಲೂ ಬಿಡಿಭಾಗ ಹೊಂದುತ್ತೆ!

ತಾತ: ಹೊಂದುತ್ತೆ ಅನ್ನು. ನಂಟು ಅಂತ ಯಾಕಂತೀಯ? ನಮ್ಮ ಪಂಪ್‌ಸೆಟ್ಟಿನ ನಟ್ಟು ಪಕ್ಕದ ತೋಟದ ಪಂಪ್‌ಸೆಟ್ಟಿಗೂ ಹೊಂದುತ್ತೆ. ಎರಡು ಪಂಪ್‌ಸೆಟ್ಟು ಒಂದು ತಾಯಿ ಮಕ್ಕಳಲ್ಲ. ಕೆಲಸ ಒಂದೇ, ಅದಕ್ಕೆ ಆಕಾರ ಒಂದೇ. ಬದುಕೋಕೆ ಬೇಕಾದ್ದು ಎಲ್ಲರಿಗೂ ಒಂದೇ ಆದ್ರೆ ಬರಹವೂ ಒಂದೇ ಇರುತ್ತಪ್ಪ.

ಮೊಮ್ಮಗಳು: ಇದು ಒಳ್ಳೇ ಪ್ರಶ್ನೆ, ಬೇಜಾರಿನ ಪ್ರಶ್ನೆ ಕೂಡ. ಡಿಎನ್‌ಎ ದಾರವನ್ನ ಸುತ್ತಿಡೋ ಉಂಡೆಗಳಲ್ಲಿ ಹಿಸ್ಟೋನ್ ಎಚ್4 ಅಂತ ಒಂದು ಪ್ರೋಟೀನ್ ಇದೆ. 102 ಮಣಿಗಳ ಸರ. ಬಟಾಣಿ ಗಿಡದ್ದನ್ನೂ ಹಸುವಿನದ್ದನ್ನೂ ಹೋಲಿಸಿದ್ರೆ ಎರಡೇ ಎರಡು ಮಣಿ ಬೇರೆ.

ತಾತ: ಅದು ನನ್ನ ಪರವಾದ ಸಾಕ್ಷಿ! ಒಂದು ಮಣಿ ಬದಲಾದ್ರೂ ಕೆಲಸ ಕೆಡೋದಾದ್ರೆ ಯಾರು ಬದಲಾಯಿಸ್ತಾರೆ? ಮಂತ್ರದ ಪಾಠ ಬದಲಾಗದ ಹಾಗೆ.

ಮೊಮ್ಮಗಳು: ಸರಿ, ಅದನ್ನ ನಿಮಗೇ ಬಿಟ್ಟೆ. ಚೆನ್ನಾಗಿ ಕೆಲಸ ಮಾಡೋದು ಒಂದೇ ಥರ ಇದ್ರೆ ಎರಡು ಕಾರಣ ಹೇಳಬಹುದು. ಈಗ ನಾನೊಂದು ಕೇಳ್ತೀನಿ. ಎರಡು ಓಲೆಪ್ರತಿ ಒಂದೇ ಮೂಲದಿಂದ ಬಂದಿವೆ ಅಂತ ನೀವು ಹೇಗೆ ಹೇಳ್ತಿದ್ರಿ? ಎರಡರಲ್ಲೂ ಸರಿಯಾದ ಪಾಠ ಇದ್ರೆ ಹೇಳ್ತಿದ್ರಾ?

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಹುಡುಗಿ ಎಲ್ಲಿಗೆ ಕರೆದೊಯ್ಯುತ್ತಿದ್ದಾಳೆ ಎಂದು ಅವರಿಗೆ ಗೊತ್ತಾಗಿತ್ತು. ಆದರೂ ಈ ವಿಷಯಕ್ಕೆ ಕರೆದರೆ ಹೋಗದೆ ಇರಲಾರರು.

ತಾತ: ಸರಿಯಾದ ಪಾಠದಿಂದ ಏನೂ ಗೊತ್ತಾಗಲ್ಲ. ಸರಿ ಇರೋದು ಎಲ್ಲ ಕಡೆ ಸರಿಯಾಗೇ ಇರುತ್ತೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಮೇಜಿನ ಮೇಲಿಟ್ಟುಕೊಂಡು ಕೆಲಸ ಕಲಿತೋರು ನಾವು. ನಂಟು ಹಿಡಿಯೋದು ತಪ್ಪಿನಿಂದ. ನಾನೊಂದು ಸಣ್ಣ ಭಾಮಿನಿ ಷಟ್ಪದಿ ಕಾವ್ಯ ನೋಡ್ತಿದ್ದೆ. ಒಂದು ಪ್ರತಿ ಮಲೆನಾಡಿನ ಒಂದು ಮನೆಯದು, ಇನ್ನೊಂದು ಬಯಲುಸೀಮೆಯ ಮಠದ್ದು. ನಡುವೆ ಇನ್ನೂರು ಮೈಲಿ. ಓಲೆಯಲ್ಲಿ ಪಾದ ಬಿಡಿಸಿ ಬರೆಯಲ್ಲ, ಉದ್ದಕ್ಕೆ ಬರ್ಕೊಂಡು ಹೋಗ್ತಾರೆ. ಒಂದು ಪದ್ಯದಲ್ಲಿ ಮಾತ್ರೆ ಎಣಿಸಿದ್ರೆ ಐದೇ ಪಾದ. ಲಿಪಿಕಾರನ ಕಣ್ಣು ಒಂದು ಸಾಲಿನ ‘ಎನುತ’ದಿಂದ ಮುಂದಿನ ಸಾಲಿನ ‘ಎನುತ’ಕ್ಕೆ ಹಾರಿದೆ, ನಡುವಿನ ಪಾದ ಬಿದ್ದುಹೋಗಿದೆ. ಇನ್ನೊಂದು ಪ್ರತಿ ತೆಗೆದೆ. ಅದೇ ಪದ್ಯ, ಅದೇ ಐದು ಪಾದ, ಬಿದ್ದಿರೋದೂ ಅದೇ ಪಾದ. ಆವತ್ತು ರಾತ್ರಿ ನಿದ್ದೆ ಬರಲಿಲ್ಲ ಕಣೇ. ಇಬ್ಬರೂ ನೋಡಿ ಬರೆದದ್ದು ಮೊದಲೇ ಪಾದ ಕಳೆದುಕೊಂಡಿದ್ದ ಒಂದು ಹಳೇ ಪ್ರತಿಯನ್ನ. ಆ ಪ್ರತಿ ನನಗೆ ಕಡೆಗೂ ಸಿಗಲಿಲ್ಲ. ಆದ್ರೆ ಇತ್ತು.

ಮೊಮ್ಮಗಳು: ಈಗ ನನ್ನ ಐದು ಪಾದದ ಪದ್ಯ ಕೇಳಿ. ಬೀದೀಲಿ ಹೋಗೋ ಮೇಕೆ ನೆಲ್ಲಿಕಾಯಿ ತಿನ್ನದಿದ್ರೂ ಅದರ ವಸಡಿನಲ್ಲಿ ರಕ್ತ ಬರಲ್ಲ. ಸಿ ವಿಟಮಿನ್ನನ್ನ ಅದು ತನ್ನ ಪಿತ್ತಜನಕಾಂಗದಲ್ಲೇ ಮಾಡ್ಕೊಳ್ಳುತ್ತೆ. ನಾಯಿ, ಬೆಕ್ಕು, ಹಸು ಎಲ್ಲ ಮಾಡ್ಕೊಳ್ತವೆ. ಆ ತಯಾರಿಕೆಯ ಕೊನೇ ಹಂತಕ್ಕೆ ಗುಲೋ ಅಂತ ಒಂದು ಜೀನ್ ಬೇಕು. ನಮ್ಮಲ್ಲೂ ಅದಿದೆ, ಎಂಟನೇ ಕ್ರೋಮೋಸೋಮಿನಲ್ಲಿ. ಆದ್ರೆ ಒಡೆದುಹೋಗಿದೆ. ಎಷ್ಟೋ ತುಂಡು ಬಿದ್ದುಹೋಗಿವೆ, ಉಳಿದದ್ದನ್ನ ಓದಿದ್ರೆ ಅರ್ಥ ಹುಟ್ಟಲ್ಲ. ಚಿಂಪಾಂಜಿಯಲ್ಲೂ ಒಡೆದಿದೆ, ಕೋತಿಗಳಲ್ಲೂ ಒಡೆದಿದೆ. ಕಾಡುಪಾಪ ಸೇರೋ ಗುಂಪಿನಲ್ಲಿ ಮಾತ್ರ ಇನ್ನೂ ಕೆಲಸ ಮಾಡುತ್ತೆ. ಅಂದ್ರೆ ಆ ಗುಂಪು ಬೇರೆ ಆದ ಮೇಲೆ, ಸುಮಾರು 6 ಕೋಟಿ ವರ್ಷದ ಹಿಂದೆ, ನಮಗೂ ಕೋತಿಗಳಿಗೂ ಅಜ್ಜಿಯಾದ ಒಂದು ಜೀವಿಯಲ್ಲಿ ಪಾದ ಬಿತ್ತು. ಅದು ಹಣ್ಣು ತಿಂದುಕೊಂಡಿತ್ತು ಅನ್ಸುತ್ತೆ, ಕೊರತೆ ಗೊತ್ತಾಗಲಿಲ್ಲ. ಕೆಲಸ ಒಂದೇ ಆದ್ದರಿಂದ ಆಕಾರ ಒಂದೇ ಅಂದ್ರಲ್ಲ, ಇಲ್ಲಿ ಕೆಲಸವೇ ಇಲ್ಲ. ಕೆಟ್ಟ ಪಂಪ್‌ಸೆಟ್ಟು ಎರಡು ತೋಟದಲ್ಲಿ ಒಂದೇ ಜಾಗದಲ್ಲಿ ಕೆಟ್ಟಿದ್ರೆ ಏನಂತೀರಿ?

ತಾತ: ಮೆಕ್ಯಾನಿಕ್ಕು ಒಬ್ಬನೇ ಅಂತೀನಿ. ತಡಿ, ತಡಿ, ನಗಬೇಡ. ಲಿಪಿಕಾರರು ಬೇರೆಬೇರೆಯಾಗಿ ಅದೇ ತಪ್ಪು ಮಾಡೋದೂ ಉಂಟು. ಹಳೇ ಲಿಪಿಯಲ್ಲಿ ಪಕಾರ ವಕಾರ ಒಂದೇ ಥರ ಕಾಣುತ್ತೆ. ಹತ್ತು ಜನ ಹತ್ತು ಊರಲ್ಲಿ ಪ ಇದ್ದ ಕಡೆ ವ ಬರೆದಿರ್ತಾರೆ. ಅದು ನಂಟಲ್ಲ, ಕಣ್ಣಿನ ದೋಷ.

ಮೊಮ್ಮಗಳು: ಅದೂ ಇದೆ. ಗಿನಿಪಿಗ್‌ಗೂ ಈ ಜೀನ್ ಕೆಟ್ಟಿದೆ, ಅದೂ ಸಿ ವಿಟಮಿನ್ ಮಾಡ್ಕೊಳ್ಳಲ್ಲ. ಆದ್ರೆ ಅದು ಕೆಟ್ಟಿರೋ ಬಗೆ ನಮ್ಮದಲ್ಲ. ಅದರ ಗರಿಯನ್ನ ಬೇರೆ ಹುಳು ತಿಂದಿದೆ. ಕೆಲವು ಬಾವಲಿಗಳಲ್ಲೂ ಬೇರೆಯಾಗಿಯೇ ಕೆಟ್ಟಿದೆ.

ತಾತ: ಹಾಂ. ಅದು ಹೇಳಿದ್ದು ಒಳ್ಳೇದಾಯ್ತು. ಒಂದೇ ಜಾಗದಲ್ಲಿ ಬಿದ್ದ ಪಾದ ಬೇರೆ, ಎರಡು ಪದ್ಯ ಕುಂಟೋದು ಬೇರೆ.

ಹೋಲಿಕೆಯ ಬಗ್ಗೆ ಎಷ್ಟೋ ಲೇಖನ ಓದಿದ್ದೇನೆ. ಎಲ್ಲವೂ ನಾವು ಎಷ್ಟು ಚೆನ್ನಾಗಿ ಹೋಲುತ್ತೇವೆ ಎಂದೇ ಹೇಳುತ್ತವೆ. ಕುಲ ಹೇಳುವುದು ಕುಂದು ಎಂದು ಕೇಳಿದ್ದು ಆವತ್ತೇ. ಆದರೆ ಮೇಷ್ಟ್ರು ಸೋಲೊಪ್ಪುವ ಜಾತಿಯವರಲ್ಲ. ಒಳಗಿಂದ ಬಂದ ಎರಡನೆಯ ಕಾಫಿ ಹೀರಿ ಬೇರೆ ದಾರಿ ಹಿಡಿದರು.

ತಾತ: ಪೂರ್ವಜರಿಂದ ಬಂದದ್ದು ಅಂತ ಒಪ್ಪೋಣ. ಎರವಲು ಬಂದದ್ದು ಎಷ್ಟು? ಕುರ್ಚಿ ಅಂತ ನಾವೂ ಅಂತೀವಿ, ಹಿಂದಿಯೋರೂ ಕುರ್ಸಿ ಅಂತಾರೆ. ಹಾಗಂತ ಕನ್ನಡ ಹಿಂದಿ ಅಕ್ಕತಂಗಿಯಲ್ಲ. ಇಬ್ಬರೂ ಅರಬ್ಬಿಯಿಂದ ಬಂದ ಕುರ್ಚಿ ಮೇಲೆ ಕೂತಿದೀವಿ. ನಿನ್ನ ಜೀನ್‌ಗಳಲ್ಲಿ ಕುರ್ಚಿ ಯಾವುದು, ಕಣ್ಣು ಕೈ ನೀರು ಯಾವುದು?

ಮೊಮ್ಮಗಳು: ಕುರ್ಚಿಗಳು ಬೇಕಾದಷ್ಟಿವೆ. ಬ್ಯಾಕ್ಟೀರಿಯಾಗಳಂತೂ ಅಕ್ಕಪಕ್ಕದ ಮನೆಯಲ್ಲಿ ಕಾಫಿಪುಡಿ ಸಾಲ ತಗೊಂಡ ಹಾಗೆ ಜೀನ್ ಕೊಟ್ಟು ತಗೊಂಡು ಮಾಡ್ತವೆ; ಆಂಟಿಬಯಾಟಿಕ್ ಔಷಧಿ ಕೆಲಸ ಮಾಡದೆ ಹೋಗೋದು ಎಷ್ಟೋ ಸಲ ಹಾಗೇ. ನಮ್ಮ ಜೀನೋಮಿನಲ್ಲೂ ಶೇಕಡ 8ರಷ್ಟು ಹಳೇ ವೈರಸ್‌ಗಳು ಬಿಟ್ಟುಹೋದ ಬರಹ. ಅದರಲ್ಲಿ ಸಿನ್‌ಸಿಟಿನ್ ಅಂತ ಒಂದಿದೆ. ಗರ್ಭದಲ್ಲಿ ಮಾಸು ಕಟ್ಟೋಕೆ ಅದು ಬೇಕು.

ತಾತ: ಎರವಲು ಪದ ಇಲ್ಲದೆ ತಾಯಿ ಬಸಿರೇ ನಿಲ್ಲಲ್ಲ ಅನ್ನು! ಇದು ಪತ್ರಿಕೆಯ ಅರವತ್ತಕ್ಕಿಂತ ಎಷ್ಟೋ ಚೆನ್ನಾಗಿದೆ. ಇದನ್ನ ಬರೆಯಲ್ಲ ನೋಡು.

ಮೊಮ್ಮಗಳು: ಎರವಲು ಯಾವುದು ಅಂತ ಗುರುತು ಹಿಡಿಯೋದು ನೀವು ಮಾಡೋ ಹಾಗೇ. ಪಾಲು ಹಾಲಾಯ್ತು, ಪುಲಿ ಹುಲಿಯಾಯ್ತು, ಪೆಸರು ಹೆಸರಾಯ್ತು. ಒಂದೇ ಪದ ಆದ್ರೆ ಆಕಸ್ಮಿಕ ಅನ್ನಬಹುದು. ನೂರಾರು ಪದ ಒಂದೇ ದಿಕ್ಕಿಗೆ ಸರಿದ್ರೆ ಅದು ಕನ್ನಡದ ದಾರಿ. ನಮ್ಮಲ್ಲೂ ಸಾವಿರಾರು ಜೀನ್‌ಗಳನ್ನ ಬೇರೆಬೇರೆಯಾಗಿ ಕೇಳಿದ್ರೂ ಪ್ರಾಣಿಗಳ ವಿಷಯದಲ್ಲಿ ಹೆಚ್ಚುಕಮ್ಮಿ ಅದೇ ವಂಶವೃಕ್ಷ ಬರುತ್ತೆ. ಎಲ್ಲ ಕುರ್ಚಿಯೂ ಒಂದೇ ಅಂಗಡಿಯಿಂದ, ಒಂದೇ ಕ್ರಮದಲ್ಲಿ ಬಂದಿರೋಕೆ ಸಾಧ್ಯ ಇಲ್ಲ.

ತಾತ: ಪ್ರಾಣಿಗಳ ವಿಷಯದಲ್ಲಿ ಅಂದೆ. ಬ್ಯಾಕ್ಟೀರಿಯಾ ವಿಷಯದಲ್ಲಿ?

ಮೊಮ್ಮಗಳು: ಅಲ್ಲಿ ಮರಕ್ಕಿಂತ ಬಲೆ ಅನ್ನೋದೇ ವಾಸಿ.

ತಾತ: ಬುಡದಲ್ಲಿ ಬಲೆ, ತುದಿಯಲ್ಲಿ ಮರ. ಮುಂದಿನ ಸಲ ಶಾಲೆ ಮಕ್ಕಳಿಗೆ ಮರದ ಚಿತ್ರ ಬರೆಯುವಾಗ ಬುಡಾನೂ ಬರಿ. ಹೋಗಲಿ, ಕಣ್ಣು ಅಂದ್ನಲ್ಲ, ಅಲ್ಲಿಗೆ ಬರ್ತೀನಿ. ಕಣ್ಣು ಕನ್ನಡದ ಸ್ವಂತ ಆಸ್ತಿ. ತಮಿಳಿನಲ್ಲಿ ಕಣ್, ತೆಲುಗಿನಲ್ಲಿ ಕನ್ನು. ಅಲ್ಲೆಲ್ಲೋ ಬಲೂಚಿಸ್ತಾನದಲ್ಲಿ ಬ್ರಾಹುಈ ಆಡ್ತಾರಲ್ಲ, ಅಲ್ಲೂ ಖನ್. ಸಾವಿರಾರು ವರ್ಷ ಒಬ್ಬರ ಮುಖ ಒಬ್ಬರು ನೋಡದಿದ್ರೂ ಕಣ್ಣು ಮಾತ್ರ ಒಂದೇ.

ಮೊಮ್ಮಗಳು: ಆಹಾ, ನೀವೇ ಹೇಳಿದ್ರಿ. ನಮ್ಮ ಕಸುಬಿನಲ್ಲೂ ಎಲ್ಲರೂ ಹೇಳೋ ಕಥೆ ಕಣ್ಣಿನದೇ. ಈ ನೊಣದಲ್ಲಿ ‘ಐಲೆಸ್’ ಅಂತ ಒಂದು ಜೀನ್ ಇದೆ, ಅಂದ್ರೆ ಕಣ್ಣಿಲ್ಲದ್ದು. ಅದು ಕೆಟ್ಟ ನೊಣಕ್ಕೆ ಕಣ್ಣು ಬರಲ್ಲ ಅನ್ನೋದು 1915ರಿಂದಲೇ ಗೊತ್ತಿತ್ತು.

ತಾತ: ಕಣ್ಣು ಕೊಡೋದಕ್ಕೆ ಕುರುಡ ಅಂತ ಹೆಸರೇ? ದೃಷ್ಟಿ ತಾಗದಿರಲಿ ಅಂತ ಮಗೂಗೆ ತಿಪ್ಪ ಅಂತ ಹೆಸರಿಟ್ಟ ಹಾಗಾಯ್ತು.

ಮೊಮ್ಮಗಳು: ನಾವು ಹೆಸರಿಡೋದು ಕೆಟ್ಟ ಮೇಲೆ ಏನು ಇಲ್ಲವಾಯ್ತು ಅನ್ನೋದನ್ನ ನೋಡಿ. ಅದೇ ಜೀನಿನ ಜೋಡಿ ಇಲಿಯಲ್ಲೂ ನಮ್ಮಲ್ಲೂ ಇದೆ, ಪ್ಯಾಕ್ಸ್6 ಅಂತ. ನಮ್ಮಲ್ಲಿ ಅದರ ಎರಡು ಪ್ರತಿಯಲ್ಲಿ ಒಂದು ಕೆಟ್ಟರೂ ಮಗು ಹುಟ್ಟುವಾಗಲೇ ಕಣ್ಣಿನ ಪಾಪೆ ಸುತ್ತಲಿನ ಬಣ್ಣದ ಪರದೆ ಸರಿಯಾಗಿ ಇರಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವಾಲ್ಟರ್ ಗೆರಿಂಗ್ ಅಂತ ಇದ್ರು. 1995ರಲ್ಲಿ ಅವರ ಪ್ರಯೋಗಾಲಯದೋರು ಈ ಜೀನನ್ನ ನೊಣದ ಮರಿ ಬೆಳೆಯುವಾಗ ಎಲ್ಲೆಲ್ಲಿ ಇರಬಾರದೋ ಅಲ್ಲೆಲ್ಲ ಎಬ್ಬಿಸಿದ್ರು. ಕಾಲಿನ ಮೇಲೆ ಕಣ್ಣು ಬಂತು, ರೆಕ್ಕೆ ಮೇಲೆ ಬಂತು, ಮೀಸೆ ತುದಿಯಲ್ಲಿ ಬಂತು.

ತಾತ: ಇಂದ್ರ! ಮೈಯೆಲ್ಲ ಕಣ್ಣು. ಗೌತಮ ಶಾಪ ಕೊಟ್ಟ, ಇವರು ಜೀನ್ ಕೊಟ್ಟರು.

ಮೊಮ್ಮಗಳು: ಇನ್ನೂ ಇದೆ. ನೊಣದ ಜೀನ್ ಬದಲು ಇಲಿಯ ಜೀನ್ ಹಾಕಿದ್ರು. ಆಗಲೂ ಕಣ್ಣು ಬಂತು.

ತಾತ: ಯಾವ ಕಣ್ಣು? ಇಲಿ ಕಣ್ಣೋ, ನೊಣದ ಕಣ್ಣೋ?

ಮೊಮ್ಮಗಳು: ನೊಣದ್ದೇ. ನೂರಾರು ಪುಟ್ಟ ಮಸೂರ ಜೋಡಿಸಿದ ಸಂಯುಕ್ತ ಕಣ್ಣು.

ತಾತ: ಹಾಗಾದ್ರೆ ಇಲಿ ಜೀನ್ ಹೇಳಿದ್ದು ‘ಇಲ್ಲಿ ಕಣ್ಣು’ ಅಂತ ಅಷ್ಟೇ. ಕಣ್ಣು ಹೇಗಿರಬೇಕು ಅನ್ನೋದನ್ನ ನೊಣ ತಾನೇ ಬರ್ಕೊಂಡಿದೆ. ಅದು ಕಾವ್ಯ ಅಲ್ಲ, ತಲೆಬರಹ. ರಾಮಾಯಣ ಅನ್ನೋ ತಲೆಬರಹದ ಕೆಳಗೆ ಯಾರ್ಯಾರು ಏನೇನು ಬರೆದಿದಾರೆ ಗೊತ್ತಲ್ಲ. ತಲೆಬರಹ ಒಂದೇ ಅಂತ ಎಲ್ಲ ಒಂದೇ ಕಾವ್ಯ ಆಗುತ್ತಾ?

ಹುಡುಗಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬಾಳೆಯ ಸಿಪ್ಪೆಯ ಒಂದು ಎಳೆಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

ಮೊಮ್ಮಗಳು: ಇದು ನಮ್ಮೊಳಗೇ ಮುಗಿಯದ ಜಗಳ ತಾತ. ಎರ್ನ್‌ಸ್ಟ್ ಮೇರ್ ಅಂತ ದೊಡ್ಡ ಜೀವವಿಜ್ಞಾನಿ. ಅವರೂ ಇನ್ನೊಬ್ಬರೂ ಸೇರಿ 1977ರಲ್ಲಿ, ಪ್ರಾಣಿಲೋಕದಲ್ಲಿ ಕಣ್ಣು ಬೇರೆಬೇರೆಯಾಗಿ 40 ಸಲವಾದ್ರೂ, ಪ್ರಾಯಶಃ 65 ಸಲ ಹುಟ್ಟಿದೆ ಅಂತ ಬರೆದ್ರು. ಗೆರಿಂಗ್ ಇಲ್ಲ, ಕಣ್ಣಿಗೆ ಮೂಲ ಒಂದೇ ಅಂದ್ರು. ಆಕ್ಟೋಪಸ್ ಕಣ್ಣು ಹೊರಗಿಂದ ನೋಡಿದ್ರೆ ನಮ್ಮದರ ಹಾಗೇ. ಒಳಗೆ ನೋಡಿದ್ರೆ ಬೆಳಕು ಹಿಡಿಯೋ ಕೋಶಗಳು ಬೆಳಕಿನ ಕಡೆಗೇ ಮುಖ ಮಾಡಿವೆ, ನಮ್ಮಲ್ಲಿ ಬೆನ್ನು ಮಾಡಿವೆ. ಅದಕ್ಕೇ ನಮಗೆ ಕುರುಡು ಚುಕ್ಕೆ ಇದೆ, ಅದಕ್ಕಿಲ್ಲ. ಕಟ್ಟಡ ಖಂಡಿತ ಬೇರೆಬೇರೆ ಮೇಸ್ತ್ರಿಗಳದು. ಆದ್ರೆ ತಲೆಬರಹ ಮಾತ್ರ ಅಲ್ಲ, ಬೆಳಕು ಹಿಡಿಯೋ ಆಪ್ಸಿನ್ ಅನ್ನೋ ಪ್ರೋಟೀನೂ ಎಲ್ಲರಲ್ಲೂ ಒಂದೇ ಮನೆತನದ್ದು. ನೊಣಕ್ಕೂ ನಮಗೂ ಕವಲೊಡೆದು 50 ಕೋಟಿ ವರ್ಷಕ್ಕೂ ಮೇಲಾಯ್ತು. ಆ ಪೂರ್ವಜನಿಗೆ ಕಣ್ಣಿಲ್ಲದಿದ್ರೂ ಬೆಳಕು ಕತ್ತಲೆ ತಿಳಿಯೋ ನಾಲ್ಕು ಕೋಶ ಇದ್ದಿರಬೇಕು.

ತಾತ: ಇದ್ದಿರಬೇಕು. ಈ ಪೂರ್ವಜನನ್ನ ಯಾರಾದ್ರೂ ನೋಡಿದಾರಾ?

ಮೊಮ್ಮಗಳು: ಮೂಲ ದ್ರಾವಿಡ ಆಡಿದೋರನ್ನ ನೀವು ನೋಡಿದೀರಾ? ಶಾಸನ ಇದೆಯಾ?

ತಾತ: ಹಲ್ಮಿಡಿಗಿಂತ ಎಷ್ಟೋ ಹಿಂದಿನ ಮಾತು ಅದು, ಶಾಸನ ಎಲ್ಲಿ ಬರಬೇಕು? ಆದ್ರೆ ನಮ್ಮಲ್ಲಿ ಒಂದು ಮರ್ಯಾದೆ ಇದೆ. ಹಾಗೆ ಊಹಿಸಿದ ಪದದ ಹಿಂದೆ ಒಂದು ನಕ್ಷತ್ರ ಹಾಕ್ತೀವಿ. ಈ ರೂಪ ಎಲ್ಲೂ ಸಿಕ್ಕಿಲ್ಲ, ಕಟ್ಟಿಕೊಂಡದ್ದು ಅಂತ. ನೀವು ನಿಮ್ಮ ಪೂರ್ವಜರ ಹಿಂದೆ ನಕ್ಷತ್ರ ಹಾಕ್ತೀರಾ?

ಮೊಮ್ಮಗಳು: (ನಕ್ಕು) ಪ್ರಬಂಧದಲ್ಲಿ ಹಾಕ್ತೀವಿ, ಬೇರೆ ರೀತಿ. ಪತ್ರಿಕೆಗೆ ಬರೋ ಹೊತ್ತಿಗೆ ನಕ್ಷತ್ರ ಉದುರಿರುತ್ತೆ.

ಅಷ್ಟರಲ್ಲಿ ನೊಣಗಳ ಕಾಟ ತಡೆಯದೆ ಮನೆಯಾಕೆ ಚಿಪ್ಪನ್ನು ಒಳಗೆ ಒಯ್ದರು. ಹಿಂದೆಯೇ ನೊಣಗಳೂ ಹೋದವು. ಮೇಷ್ಟ್ರು ಅವುಗಳನ್ನೇ ನೋಡುತ್ತಿದ್ದು ಕೇಳಿದ ಪ್ರಶ್ನೆ ನನಗೆ ಇವತ್ತಿಗೂ ಜೀರ್ಣವಾಗಿಲ್ಲ.

ತಾತ: ನೀನು ವಾರಕ್ಕೆ ಎಷ್ಟು ಕೊಲ್ತೀಯ?

ಮೊಮ್ಮಗಳು: ನೊಣಾನಾ? ಲೆಕ್ಕ ಇಟ್ಟಿಲ್ಲ. ಸಾವಿರದ ಮೇಲಿರುತ್ತೆ.

ತಾತ: ಹೇಗೆ?

ಮೊಮ್ಮಗಳು: ಕಾರ್ಬನ್ ಡೈಆಕ್ಸೈಡ್ ಹಾಯಿಸಿ ಮೂರ್ಛೆ ತಪ್ಪಿಸ್ತೀವಿ. ಸೂಕ್ಷ್ಮದರ್ಶಕದ ಕೆಳಗೆ ಕುಂಚದಲ್ಲಿ ಬೇಕಾದ್ದನ್ನ ಆರಿಸ್ಕೊಳ್ತೀವಿ. ಬೇಡದ್ದನ್ನ ಆಲ್ಕೋಹಾಲ್ ತುಂಬಿದ ಬಾಟ್ಲಿಗೆ ತಳ್ತೀವಿ. ಅದಕ್ಕೆ ಮಾರ್ಗ್ ಅಂತೀವಿ, ಶವಾಗಾರ. ಸಾಕೋದಂತೂ ರಾಜೋಪಚಾರ ತಾತ. ಇಲ್ಲಿ ಗಂಗೋತ್ರಿಯಲ್ಲಿದ್ದಾಗ ಗೋಧಿರವೆ, ಬೆಲ್ಲ, ಅಗರ್ ಹಾಕಿ ನಾನೇ ತಿರುವ್ತಿದ್ದೆ. ತುಪ್ಪ ದ್ರಾಕ್ಷಿ ಬಿಟ್ಟರೆ ಸಜ್ಜಿಗೆಯೇ.

ತಾತ: ಸಜ್ಜಿಗೆ ಹಾಕಿ ಶವಾಗಾರಕ್ಕೆ. ಇಷ್ಟು ಹೊತ್ತು ಅದು ನಂಟ ಅಂತ ಸಾಧಿಸಿದೋಳೂ ನೀನೇ.

ಮೊಮ್ಮಗಳು: ನಂಟು ಇರೋದಕ್ಕೇ ನೊಣ. ಮನುಷ್ಯರ ಕಾಯಿಲೆಗಳಿಗೆ ಸಂಬಂಧಪಟ್ಟ ಜೀನ್‌ಗಳಲ್ಲಿ ಮುಕ್ಕಾಲು ಪಾಲಿಗೆ ನೊಣದಲ್ಲಿ ಜೋಡಿ ಇದೆ. ಅದರ ಮಿದುಳಿನಲ್ಲಿ ನೋಡಿದ್ದು ನಮಗೆ ಉಪಯೋಗಕ್ಕೆ ಬರುತ್ತೆ.

ತಾತ: ಅಲ್ಲೇ ಸಿಕ್ಕಿಹಾಕ್ಕೊಂಡೆ ಮಗು. ಉಪಯೋಗಕ್ಕೆ ಬರೋವಷ್ಟು ಹತ್ತಿರ ಇದ್ರೆ, ಕೊಲ್ಲೋಕೆ ಕೈ ನಡುಗಬೇಕಾದಷ್ಟೂ ಹತ್ತಿರ. ಕೈ ನಡುಗದಷ್ಟು ದೂರ ಇದ್ರೆ, ಅದರಿಂದ ಕಲಿಯೋದು ಏನು?

ಮೊಮ್ಮಗಳು: ಇಲಿಗೆ, ಮೊಲಕ್ಕೆ ನೀತಿ ಸಮಿತಿಯ ಒಪ್ಪಿಗೆ ಬೇಕು. ನೊಣಕ್ಕೆ ಯಾರೂ ಕೇಳಲ್ಲ.

ತಾತ: ಸಮಿತಿ ಕೇಳಲ್ಲ ಅಂದೆ. ನಾನು ಕೇಳ್ತಿದೀನಿ.

ಮೊಮ್ಮಗಳು: ನೋವಿನ ಲೆಕ್ಕ ಬೇರೆ, ನಂಟಿನ ಲೆಕ್ಕ ಬೇರೆ ಅಂತ ನನಗನ್ಸುತ್ತೆ ತಾತ. ಬಾಳೆಯೂ ನಂಟ, ಅದನ್ನ ಸುಲಿದು ತಿಂದ್ವಿ. ಯಾರು ಎಷ್ಟು ಹತ್ತಿರ ಅಂತ ಜೀನ್ ಹೇಳುತ್ತೆ, ಯಾರನ್ನ ಹೇಗೆ ನೋಡ್ಕೋಬೇಕು ಅಂತ ಹೇಳಲ್ಲ. ನೊಣಕ್ಕೆ ನೋವಾಗುತ್ತಾ ಅಂತ ಕೇಳಿದ್ರೆ, ಮೊದಲಿನಷ್ಟು ಧೈರ್ಯವಾಗಿ ಇಲ್ಲ ಅನ್ನೋಕೆ ಈಗ ನನಗೆ ಆಗಲ್ಲ.

ಮೇಷ್ಟ್ರು ಅದನ್ನು ಬೆಳೆಸಲಿಲ್ಲ. ಮೊಮ್ಮಗಳನ್ನು ಅಷ್ಟಕ್ಕಿಂತ ಹೆಚ್ಚು ಒತ್ತುವವರಲ್ಲ. ಒಳಗಿಂದ ಎಲೆ ಹಾಕಿಯಾಯಿತು ಎಂಬ ಕೂಗು ಬಂತು. ಹುಡುಗಿಯೇ ಎದ್ದು ಫ್ರಿಜ್ಜಿನಿಂದ ಅವರ ಇನ್ಸುಲಿನ್ ತಂದಳು. ಊಟಕ್ಕೆ ಮೊದಲು ಹೊಟ್ಟೆಗೆ ಚುಚ್ಚಿಕೊಳ್ಳಬೇಕು. ಪೊಟ್ಟಣದ ಮೇಲಿನ ಸಣ್ಣ ಅಕ್ಷರ ಓದಿ ಅವಳು ನಕ್ಕಳು.

ಮೊಮ್ಮಗಳು: ಅಕ್ಷರಮಾಲೆ ಒಂದೇ ಆದ್ರೆ ಏನು ಬಂತು ಅಂದ್ರಲ್ಲ ತಾತ. ಇದು ಬಂತು. ಮನುಷ್ಯನ ಇನ್ಸುಲಿನ್ ಜೀನನ್ನ ಬ್ಯಾಕ್ಟೀರಿಯಾ ಒಳಗಿಟ್ಟರೆ ಅದು ತಪ್ಪಿಲ್ಲದೆ ಓದಿ ನಮ್ಮ ಇನ್ಸುಲಿನ್ನನ್ನೇ ಹೆಣೆಯುತ್ತೆ. ಮೂರು ಮೂರು ಅಕ್ಷರಕ್ಕೆ ಒಂದು ಮಣಿ ಅನ್ನೋ ನಿಘಂಟು ಅದಕ್ಕೂ ನಮಗೂ ಒಂದೇ. ಆ ನಿಘಂಟು ಬಿಡಿಸಿದ್ದಕ್ಕೇ ನಮ್ಮ ಹರಗೋಬಿಂದ ಖೊರಾನ ಅವರಿಗೂ ಇನ್ನಿಬ್ಬರಿಗೂ 1968ರಲ್ಲಿ ನೊಬೆಲ್ ಬಂದದ್ದು. ಹೀಗೆ ಮಾಡಿದ ಇನ್ಸುಲಿನ್ ಮಾರಾಟಕ್ಕೆ ಬಂದದ್ದು 1982ರಿಂದ. ಬೆಂಗಳೂರಿನ ಬಯೋಕಾನ್ ಯೀಸ್ಟಿನಲ್ಲಿ ಮಾಡುತ್ತೆ.

ತಾತ: ಪಂಪಭಾರತ, ಕರೆಂಟ್ ಬಿಲ್ಲು ಅಂದದ್ದನ್ನ ವಾಪಸ್ ತಗೋಬೇಕು ಅಂತೀಯ. ಅರ್ಧ ತಗೋತೀನಿ. ಲಿಪಿ ಒಂದೇ ಅಂದ್ರೆ ಕವಿ ಒಬ್ಬನೇ ಅಂತಲ್ಲ. ಅದು ಹಾಗಿರಲಿ, 1982 ಅಂದೆಯಲ್ಲ. ಅದಕ್ಕೆ ಮೊದಲು?

ಮೊಮ್ಮಗಳು: ಅದಕ್ಕೆ ಮೊದಲು ಪ್ರಾಣಿಗಳದು. ಕಸಾಯಿಖಾನೆಯಿಂದ ಮೇದೋಜೀರಕ ತಂದು ತೆಗೀತಿದ್ರು.

ತಾತ: ಯಾವ ಪ್ರಾಣಿ?

ಮೊಮ್ಮಗಳು: ಹಸು, ಹಂದಿ.

ಮೇಷ್ಟ್ರು ಸೂಜಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು. ಅವರ ತಾಯಿಗೂ ಇದೇ ಕಾಯಿಲೆ. 1970ರ ದಶಕ. ಒದ್ದೆಬಟ್ಟೆಯ ಮಡಿ, ಈರುಳ್ಳಿ ಮನೆಗೆ ಬರುವಂತಿಲ್ಲ, ಕಾಫಿಗೂ ಬೇರೆ ಲೋಟ. ದಿನವೂ ಬೆಳಗ್ಗೆ ಗಾಜಿನ ಸಿರಿಂಜನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದು ಆಕೆಗೆ ಚುಚ್ಚುತ್ತಿದ್ದವರು ಇವರೇ. ಪೂಜೆಗೆ ಕೂರುವ ಮೊದಲು.

ತಾತ: ಹನ್ನೊಂದು ವರ್ಷ ಕೊಟ್ಟಿದೀನಿ. ಬಾಟ್ಲಿ ಮೇಲೆ ಏನೋ ಬರೆದಿತ್ತು. ನಾನು ಒಂದು ದಿನವೂ ಓದಲಿಲ್ಲ.

ಮೊಮ್ಮಗಳು: ಓದಿದ್ರೆ?

ತಾತ: ಓದಿದ್ರೂ ಕೊಡ್ತಿದ್ದೆ. ಅವಳಿಗೆ ಹೇಳ್ತಿರಲಿಲ್ಲ. ... ಎಷ್ಟು ವ್ಯತ್ಯಾಸ ಇದೆ ಅದಕ್ಕೂ ನಮ್ಮದಕ್ಕೂ? ಶೇಕಡಾವಾರು ಬೇಡ. ಎಣಿಸಿ ಹೇಳು.

ಮೊಮ್ಮಗಳು: ಇನ್ಸುಲಿನ್ ಒಟ್ಟು 51 ಮಣಿ ತಾತ. ಹಸುವಿನದ್ದು ಮೂರು ಮಣಿ ಬೇರೆ. ಹಂದಿಯದು ಒಂದು.